ಅಮ್ಮ ಅವಳಿಗೆ ಕನ್ನಡ ಕಲಿಸಿದ್ದು

ನಮ್ಮ ಮನೆಯಲ್ಲಿ ಈಗ ಅತ್ತೆಯೊಬ್ಬಳನ್ನು ಬಿಟ್ಟರೆ ಯಾರೂ ‘ಜನ್ನಲ್’ ಎನ್ನುವುದಿಲ್ಲ. ಕಿಟಕಿ ಎನ್ನುತ್ತೇವೆ. ಅಜ್ಜನ ಕಾಲದಿಂದ ಮದ್ರಾಸಿನ ತ್ರಿಪ್ಲಿಕೇನಿನಲ್ಲಿ ಬೇರುಬಿಟ್ಟು, ಅರ್ಧ ಕನ್ನಡಕ್ಕೆ ಅರ್ಧ ತಮಿಳು ಬೆರೆಸಿ ಮಾತಾಡಿಕೊಂಡು ಬಂದ ಮನೆಯಲ್ಲಿ ಇದೇನೂ ಸಣ್ಣ ಬದಲಾವಣೆಯಲ್ಲ. ಅದಕ್ಕೆ ಕಾರಣಳಾದವಳ ಬಗ್ಗೆ ಬರೆಯಲು ಕೂತಿದ್ದೇನೆ.

ಎಂ.ಫಿಲ್.ನಲ್ಲಿ ನಮಗೆ ಪಾಠ ಮಾಡಿದ ಪ್ರೊಫೆಸರರು ಮೊನ್ನೆ ನಿವೃತ್ತರಾದರು. ತೊಂಬತ್ತರ ದಶಕದ ಕೊನೆಯಲ್ಲಿ, ಆಫ್ರಿಕಾದವರ ಮತ್ತು ಆಫ್ರಿಕಾದಿಂದ ಲೋಕದ ನಾಲ್ಕು ದಿಕ್ಕಿಗೆ ಚದುರಿಹೋದವರ ಬದುಕು–ಬರಹ ಎಂಬ ವಿಷಯವನ್ನು ಹಟ ಹಿಡಿದು ನಮ್ಮ ವಿಭಾಗಕ್ಕೆ ತಂದವರು ಅವರೇ. ಅವರ ಸ್ಮರಣ ಸಂಚಿಕೆಗೆ ನಿಮ್ಮ ಬ್ಯಾಚಿನ ಬಗ್ಗೆ ಒಂದು ಪುಟ ಬರೆದುಕೊಡಿ ಎಂದು ವಿಭಾಗದವರು ಕೇಳಿದರು. ಕೊಟ್ಟೆ. ಇಂಗ್ಲಿಷಿನಲ್ಲಿ, ಕಾಲುಮೇಲೆ ಕಾಲು ಹಾಕಿಕೊಂಡು ಓದಬಹುದಾದಂಥ ಒಂದು ಪುಟ. ಅದರಲ್ಲಿ ಅವಳ ಬಗ್ಗೆಯೂ ಎರಡು ಸಾಲಿತ್ತು: ಚುರುಕಿನ ಹುಡುಗಿ, ಭಾನುವಾರ ನಮ್ಮ ಮನೆಗೆ ಬರುತ್ತಿದ್ದಳು, ನಮ್ಮ ತಾಯಿಗೆ ಅಚ್ಚುಮೆಚ್ಚು. ಸಂಚಿಕೆ ಕೈಗೆ ಬಂದ ಮೇಲೆ ಓದಿಕೊಂಡರೆ ಮುಖ ಬಿಸಿಯಾಯಿತು. ಒಂದಕ್ಷರವೂ ಸುಳ್ಳಿಲ್ಲ, ಆದರೂ ಎರಡು ಸಾಲಿಗೆ ಎರಡು ಸಾಲೂ ಸುಳ್ಳು.

ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆಯುವ ಅರ್ಹತೆಯನ್ನು ನಾನು ನಮ್ಮ ಮನೆಯ ಹಜಾರದಲ್ಲೇ ಕಳೆದುಕೊಂಡೆ. ನಮ್ಮ ಅತ್ತೆಯದೂ ಅವಳದೂ ಒಂದೇ ಹೆಸರು ಎಂದಷ್ಟೇ ಹೇಳಿದರೆ ಸದ್ಯಕ್ಕೆ ಸಾಕು. ಬೀದಿಗೆ ನಾಲ್ವರಾದರೂ ಇರುವಂಥ, ದೇವರ ಪಟದ ಕೆಳಗೆ ಬರೆದಿರುವಂಥ ಹೆಸರು.

ಅವಳು ಸಿದ್ದಿ. ಯಲ್ಲಾಪುರದ ಕಡೆಯ ಕಾಡಂಚಿನ ಊರಿನವಳು. ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಗುಲಾಮರಾಗಿ ತಂದು ಪಶ್ಚಿಮ ಕರಾವಳಿಯಲ್ಲಿ ಇಳಿಸಿದ, ಆಮೇಲೆ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದ ಜನ ಅವರು. ಊರಿನ ಶಾಲೆ, ಧಾರವಾಡದ ಎಂ.ಎ. ಮುಗಿಸಿ ಮದ್ರಾಸಿಗೆ ಬಂದು, ಎಗ್ಮೋರಿನ ಒಂದು ಹೆಂಗಸರ ಹಾಸ್ಟೆಲಿನಲ್ಲಿ ಇಳಿದುಕೊಂಡಿದ್ದಳು. ಎತ್ತರದ ಆಳು, ಬೀಸುನಡಿಗೆ. ಬಿಗಿಗುಂಗುರು ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡರೆ ಸಂಜೆಯವರೆಗೂ ಬೀಳುತ್ತಿರಲಿಲ್ಲ. ಯಾರಾದರೂ ಪೆನ್ಸಿಲ್ ಕೇಳಿದರೆ ತಲೆ ಬಗ್ಗಿಸಿ, “ತಗಾ, ಅಂಗಡಿ ತೆರದದೆ” ಎನ್ನುತ್ತಿದ್ದಳು. ನಕ್ಕರೆ ತನ್ನ ತೊಡೆಗೆ ತಾನೇ ಹೊಡೆದುಕೊಂಡು ನಗುತ್ತಿದ್ದಳು. ಪಕ್ಕದಲ್ಲಿ ಕೂತಿದ್ದರೆ ನಮ್ಮ ತೊಡೆಗೂ ಬೀಳುತ್ತಿತ್ತು.

ಮದ್ರಾಸಿನಲ್ಲಿ ಅವಳನ್ನು ಯಾರೂ ಕನ್ನಡದವಳೆಂದು ನಂಬಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ನನಗೆ ತಮಿಳಿನಲ್ಲಿ ಟಿಕೆಟ್ ಕೊಟ್ಟು ಅವಳ ಕಡೆ ತಿರುಗಿ “ಯೆಸ್ ಮೇಡಂ, ವಿಚ್ ಕಂಟ್ರಿ?” ಎನ್ನುತ್ತಿದ್ದ. ಮೊದಮೊದಲು ಅವಳು ‘ಕರ್ನಾಟಕ’ ಎನ್ನುತ್ತಿದ್ದಳು. ಜನ ಹಲ್ಲು ಬಿಡುತ್ತಿದ್ದರು. ‘ಅದು ಸರಿ, ಅದಕ್ಕೆ ಮೊದಲು?’ ಎಂದು ಬೆನ್ನು ಹತ್ತುತ್ತಿದ್ದರು. ಬೇಸತ್ತು, ಒಂದೊಂದು ದಿನ ಒಂದೊಂದು ದೇಶ ಹೇಳತೊಡಗಿದಳು. ಸೋಮವಾರ ಘಾನಾ, ಮಂಗಳವಾರ ಉಗಾಂಡ. ಬಸ್ ಹತ್ತುವಾಗ ನನ್ನ ಕಿವಿಯಲ್ಲಿ, “ಇವತ್ತು ನಾ ಎಲ್ಲಿಯವಳೆ?” ಎಂದು ಕೇಳಿಕೊಳ್ಳುತ್ತಿದ್ದಳು. ನನಗದು ಬಲು ತಮಾಷೆಯಾಗಿ ಕಾಣುತ್ತಿತ್ತು. ನಾನೂ ದೇಶ ಹುಡುಕಿ ಕೊಡುತ್ತಿದ್ದೆ.

ಕ್ಲಾಸಿನಲ್ಲೂ ಕತೆ ಇದೇ, ಸ್ವಲ್ಪ ಮರ್ಯಾದೆಯ ವೇಷದಲ್ಲಿ. ಪ್ರೊಫೆಸರರು ಒಳ್ಳೆಯವರು, ಯಾರ ಮೇಲೂ ದನಿ ಏರಿಸಿದವರಲ್ಲ. ಆದರೆ ಆಫ್ರಿಕಾದ ಪದ್ಯ ಬಂದಾಗಲೆಲ್ಲ ಅವಳ ಕಡೆ ಕೈ ತೋರಿಸಿ, “ನೀವು ಓದಿ, ಆ ಲಯ ನಿಮ್ಮ ರಕ್ತದಲ್ಲೇ ಇದೆ” ಎನ್ನುವರು. ಅವಳು ಎದ್ದು ನಿಂತು, ಕೈ ಕಟ್ಟಿಕೊಂಡು, ಕನ್ನಡ ಶಾಲೆಯಲ್ಲಿ ಕಂಠಪಾಠ ಒಪ್ಪಿಸುವ ರಾಗದಲ್ಲಿ ಆ ಇಂಗ್ಲಿಷ್ ಪದ್ಯವನ್ನು ಓದುವಳು. ಸಾಲಿನ ಕೊನೆ ಬಂದಾಗಲೆಲ್ಲ ಒಂದು ಎಳೆತ, ಇನ್‌ಸ್ಪೆಕ್ಟರು ಬಂದ ದಿನ ಮಕ್ಕಳು ಎಳೆಯುತ್ತಾರಲ್ಲ, ಹಾಗೆ. ಪ್ರೊಫೆಸರರು ಕಣ್ಣು ಮುಚ್ಚಿ, “ಡ್ರಮ್ಸ್, ಡ್ರಮ್ಸ್” ಎಂದು ತಲೆದೂಗುವರು. ನಾನು ಬೆಂಚಿನ ಕೆಳಗೆ ಅವಳ ಕಾಲು ಒತ್ತಿ ನಗು ತಡೆಯುತ್ತಿದ್ದೆ.

ಸೆಮಿನಾರ್ ಕೋಣೆಯ ಗೋಡೆಗೆ ಒಂದು ದೊಡ್ಡ ಭೂಪಟ ತೂಗುಹಾಕಿದ್ದರು. ಆಫ್ರಿಕಾದಿಂದ ಹೊರಟ ಕೆಂಪು ಬಾಣಗಳೆಲ್ಲ ಪಶ್ಚಿಮಕ್ಕೆ, ಅಮೆರಿಕದ ಕಡೆಗೆ. ಒಂದು ದಿನ ಅವಳು ತಲೆಯಿಂದ ಪೆನ್ಸಿಲ್ ತೆಗೆದು ಪೂರ್ವಕ್ಕೆ, ಕಾರವಾರದ ಹತ್ತಿರ ಬಂದು ಮುಟ್ಟುವ ಹಾಗೆ, ಸಣ್ಣದೊಂದು ಬಾಣ ಎಳೆದಳು. ತನ್ನ ಪ್ರಬಂಧಕ್ಕೂ ಅದೇ ವಿಷಯ ಬೇಕೆಂದಳು. ತನ್ನ ಅಜ್ಜಿ ಮತ್ತು ಅಜ್ಜಿಯ ಹಾಡು, ಕುಣಿತ. ಪ್ರೊಫೆಸರರು ತಲೆ ಕೆರೆದುಕೊಂಡು, ಇದಕ್ಕೆ ಮುದ್ರಿತ ಕೃತಿ ಯಾವುದಿದೆ ಎಂದು ಕೇಳಿದರು.

“ನಮ್ಮಜ್ಜಿ ಇನ್ನೂ ಪ್ರಿಂಟಾಗಿಲ್ಲ ಸರ್” ಎಂದಳು.

ಕೋಣೆಯೆಲ್ಲ ನಕ್ಕಿತು, ಪ್ರೊಫೆಸರರೂ ನಕ್ಕರು, ಕೊನೆಗೆ ಒಂದು ಅಧ್ಯಾಯಕ್ಕೆ ಒಪ್ಪಿದರು. ಉಳಿದ ಅಧ್ಯಾಯಗಳು ಕೆಂಪು ಬಾಣಗಳ ಕಡೆಯವೇ ಆಗಬೇಕಾಯಿತು.

ನನ್ನ ಜೊತೆ ಅವಳು ಕನ್ನಡವನ್ನೇ ಮಾತಾಡುತ್ತಿದ್ದಳು. ನಾನು ಅರ್ಧಕ್ಕೆ ನಿಲ್ಲಿಸಿ ಇಂಗ್ಲಿಷಿಗೋ ತಮಿಳಿಗೋ ಜಾರಿಕೊಳ್ಳುತ್ತಿದ್ದೆ. ಮನೆಯಲ್ಲಿ ಕೇಳಿ ಕಲಿತದ್ದು ಬಿಟ್ಟರೆ ಕನ್ನಡ ಓದಿದವಳೇ ಅಲ್ಲ ನಾನು. ಈ ನಾಲ್ಕು ಸಾಲು ಬರೆಯುವಷ್ಟು ಕಲಿತದ್ದೂ ಅವಳು ಊರಿಗೆ ಹೋದ ಮೇಲೆ. “ನಿನ್ನ ಕನ್ನಡಕ್ಕೆ ವೀಸಾ ಬೇಕೇ ಮಾರಾಯ್ತಿ” ಎಂದು ಗೇಲಿ ಮಾಡುತ್ತಿದ್ದಳು. ಒಂದು ದಿನ ಕ್ಯಾಂಟೀನಿನಲ್ಲಿ ಕೂತಿದ್ದಾಗ ಮಾತಿಗೆ ಮಾತು ಬಂದು ಹೇಳಿದಳು: “ಅಮೆರಿಕಕ್ಕೆ ಹೋದವ್ರು ತಮ್ಮ ಭಾಷೆ ಕಳ್ಕೊಂಡ್ರು ಅಂತ ಲೈಬ್ರರಿ ತುಂಬ ಪುಸ್ತಕ ಅದೆ. ನಮ್ಮದೂ ಹಂಗೇ ಹೋಯ್ತಲ್ಲೆ. ನಮ್ಮಜ್ಜಿಗೂ ಒಂದು ಪದ ಗೊತ್ತಿಲ್ಲ. ಈಗ ಮನೆಯೊಳಗೆ ಕೊಂಕಣಿ, ಹೊಸ್ತಿಲು ದಾಟಿದ್ರೆ ಕನ್ನಡ. ಇವೆರಡೇ ನಮ್ಮವು. ಇಲ್ಲಿ ಬಂದು ಅದೂ ಬಾಯಲ್ಲಿ ಒಣಗಿ ಹೋಗ್ತದೆ ಅಂತ ಹೆದ್ರಿಕೆ.” ಆಗಲೇ ನಾನು ಭಾನುವಾರ ನಮ್ಮ ಮನೆಗೆ ಬಾ ಎಂದೆ. ನಮ್ಮ ಅತ್ತೆಯದೂ ನಿನ್ನ ಹೆಸರೇ ಎಂದಾಗ ತೊಡೆಗೆ ಹೊಡೆದುಕೊಂಡು ನಕ್ಕಳು.

ಆ ನಗುವಿನಲ್ಲೇ ಒಂದು ಕುಚೇಷ್ಟೆ ಹುಟ್ಟಿತು. ಮನೆಯಲ್ಲಿ ಯಾರಿಗೂ ಮೊದಲೇ ಹೇಳುವುದು ಬೇಡ. ಅವಳು ಸುಮ್ಮನೆ ಬಂದು ನಿಲ್ಲಬೇಕು. ಅಮ್ಮ ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಕಾಫಿ ಬೇಕಾ ಎಂದು ಕೇಳುವಳು. ಆಗ ಅವಳು ಯಲ್ಲಾಪುರದ ಅಪ್ಪಟ ಕನ್ನಡದಲ್ಲಿ ಉತ್ತರ ಕೊಟ್ಟು ತನ್ನ ಹೆಸರು ಹೇಳುವುದು. ಅತ್ತೆಯ ಮುಖ ನೋಡಬೇಕು! ಇಬ್ಬರೂ ಬಸ್ಸಿಳಿದು ಮನೆ ಮುಟ್ಟುವವರೆಗೂ ಕಿಸಿಕಿಸಿ ನಗುತ್ತಿದ್ದೆವು.

ಮದ್ರಾಸಿನ ಕನ್ನಡದವರ ಒಂದು ಅಭ್ಯಾಸ ಆ ಗಳಿಗೆಯಲ್ಲಿ ನನಗೆ ಮರೆತೇಹೋಗಿತ್ತು. ಹೊರಗಿನವರಿಗೆ ತಿಳಿಯಬಾರದ್ದನ್ನು ಅವರ ಮುಖದೆದುರೇ ಆಡುವುದಕ್ಕೆ ನಮಗೆ ಕನ್ನಡವಿತ್ತು. ತರಕಾರಿಯವಳ ಎದುರು, ಬಟ್ಟೆ ಅಂಗಡಿಯಲ್ಲಿ, ಬಸ್ಸಿನ ಸೀಟಿನಲ್ಲಿ, ಪಕ್ಕದಲ್ಲೇ ನಿಂತವರ ಮೂಗು, ಬಣ್ಣ, ಸೀರೆ ಎಲ್ಲವನ್ನೂ ಕನ್ನಡದಲ್ಲಿ ಅಳೆದು, ಅವರ ಕಡೆ ತಿರುಗಿ ತಮಿಳಿನಲ್ಲಿ ನಯವಾಗಿ ನಗುವುದು. ಬೆಂಗಳೂರಿನವರಿಗೆ ಈ ಸೌಕರ್ಯವಿಲ್ಲ. ನಮಗೆ ಅದು ಮನೆಯ ಹಿಂಬಾಗಿಲಿನ ಹಾಗೆ ಸಲೀಸು. ಚಿಕ್ಕಂದಿನಿಂದ ನಾನೂ ಅದರಲ್ಲಿ ಓಡಾಡಿದವಳೇ.

ಹಜಾರದಲ್ಲಿ ಅತ್ತೆ ಪೇಪರ್ ಓದುತ್ತಿದ್ದಳು. ಅಪ್ಪನ ತಂಗಿ, ಮದುವೆಯಾಗದವಳು, ವಿಮಾ ಕಚೇರಿಯಲ್ಲಿ ಕೆಲಸ. ನಾಲ್ಕು ಊರು ಕಂಡವಳು. ಅಪ್ಪ ಹೋದ ಮೇಲೆ ಮನೆಯಲ್ಲಿ ನಾವು ಮೂವರೇ. ನನ್ನ ಹಿಂದೆ ಒಳಗೆ ಬಂದ ಗೆಳತಿ ಬೀದಿ ಕಡೆಯ ಕಿಟಕಿಯ ಪಕ್ಕ ನಿಂತಳು. ಅತ್ತೆ ಕನ್ನಡಕದ ಮೇಲಿಂದ ನೋಡಿ, ಒಂದು ನಗೆ ಅವಳಿಗೆ ಕೊಟ್ಟು, ಅದೇ ನಗೆಯಲ್ಲೇ ಕನ್ನಡದಲ್ಲಿ ಹೇಳಿದಳು:

“ಏನ್ ಕಪ್ಪಡೀ ಇವ್ಳು! ಜನ್ನಲ್ ಹತ್ರ ನಿಲ್ಲಿಸ್ಬೇಡ, ಒಳಗೆ ವೆಳಿಚ್ಚಾನೇ ಬರೋಲ್ಲ.”

ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದ ಅಮ್ಮ ಆ ಮಾತಿಗೆ ನಕ್ಕುಬಿಟ್ಟಳು. ಮನಸಾರೆ ನಕ್ಕಳು, ಅದನ್ನು ಮುಚ್ಚಿಡಲಾರೆ. ಆಮೇಲೆ ಕೈ ಮುಗಿದು “ವೆಲ್ಕಮ್, ವೆಲ್ಕಮ್” ಎಂದು, ನನ್ನ ಕಡೆ ತಿರುಗಿ, “ಪಾವಂ, ಯಾವ ದೇಶವೋ ಏನೋ. ಕಾಫಿ ಕೊಡ್ತೀನಿ. ನೀ ಹೋಗಿ ಆ ವೇಲೈಕಾರಿ ಟಂಬ್ಳರ್ ಎತ್ಕೊಂಡು ಬಾ. ಆಮೇಲೆ ನಮ್ಮದರ ಜೊತೆ ಸೇರಿಸ್ಬೇಡ” ಎಂದಳು.

ವೇಲೈಕಾರಿ ಎಂದರೆ ಮನೆಗೆಲಸದವಳು. ಅವಳಿಗೆಂದು ಹಿತ್ತಿಲ ಬಚ್ಚಲ ಕಟ್ಟೆಯ ಮೇಲೆ ಬೋರಲು ಹಾಕಿಡುವ ಸೊಟ್ಟ ಲೋಟವೊಂದಿತ್ತು.

ನಾನು ಗೆಳತಿಯ ಕಡೆ ನೋಡಿದೆ. ಅವಳು ಆಗಲೇ ಕಿಟಕಿ ಬಿಟ್ಟು ಎರಡು ಹೆಜ್ಜೆ ಈಚೆ ಬಂದು ನಿಂತಿದ್ದಳು. ಬೆಳಕಿಗೆ ಅಡ್ಡವಾಗದಂತೆ. ನನ್ನನ್ನು ನೋಡಿ ಬೇಡ ಎನ್ನುವಂತೆ ತಲೆ ಅಲ್ಲಾಡಿಸಿ, ಅಮ್ಮನಿಗೆ ಕೈ ಮುಗಿದು, “ನೈಸ್ ಹೌಸ್, ಆಂಟಿ” ಎಂದಳು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಟ್ಟೆ ಕೂಡ. “ಕೆನ್ಯಾದವಳಮ್ಮ. ಹೆಸರು ಜಾಯ್” ಎಂದೆ. ಬಸ್ಸಿನಲ್ಲಿ ದೇಶ ಹುಡುಕಿಕೊಟ್ಟು ಅಭ್ಯಾಸವಾಗಿತ್ತಲ್ಲ, ತಡಕಾಡಬೇಕಾಗಲೇ ಇಲ್ಲ. ಹಿತ್ತಿಲಿಗೆ ಹೋಗಿ ಆ ಲೋಟವನ್ನು ತೊಳೆದು ತಂದವಳೂ ನಾನೇ.

ಅವಳನ್ನು ಬಸ್ ಸ್ಟಾಪಿಗೆ ಬಿಡಲು ಹೊರಟೆ. ಮಾತು ಅವಳೇ ಶುರುಮಾಡಿದಳು. “ನಿಮ್ಮಮ್ಮನ ಕಾಫಿ ಚಲೋ ಇತ್ತೆ.” ನಾನು ಅಳುವುದಕ್ಕೆ ಶುರುಮಾಡಿದ್ದರಿಂದ ಅವಳೇ ನನಗೆ ಸಮಾಧಾನ ಹೇಳುವ ಹಾಗಾಯಿತು. ಅದಕ್ಕಿಂತ ನಾಚಿಕೆಗೇಡು ಇನ್ನೇನಿದೆ? ಈಗಲೇ ಹೋಗಿ ಅಮ್ಮನಿಗೆ ಹೇಳುತ್ತೇನೆ ಎಂದೆ. ಕೈ ಹಿಡಿದು ನಿಲ್ಲಿಸಿದಳು.

“ಹೇಳಬ್ಯಾಡ. ನಂಗೆ ಕೇಳಿಸ್ತು ಅಂತ ಗೊತ್ತಾದ್ರೆ ಅವ್ರು ಇನ್ನ್ ನನ್ನ ಮುಖ ನೋಡೂದಿಲ್ಲ. ನಂಗೆ ಆ ಮನೆಗೆ ಮತ್ತೆ ಬರಬೇಕು.”

“ಯಾಕೆ? ಇಷ್ಟಾದ ಮೇಲೂ?”

“ಕನ್ನಡದ ಮನೆಯೊಳಗೆ ಕೂರದೆ ಎಷ್ಟು ಕಾಲ ಆಯ್ತು ಗೊತ್ತದೆಯಾ ನಿಂಗೆ? ಅಡುಗೆಮನೆಯಿಂದ ಒಬ್ರು ಕೂಗೂದು, ಹಜಾರದಿಂದ ಒಬ್ರು ಓ ಅನ್ನೂದು. ಬೈದ್ರೂ ಅಡ್ಡಿಲ್ಲ ಮಾರಾಯ್ತಿ. ಕೇಳ್ತಾ ಕೂತ್ಕಂತೆ.”

ಅಷ್ಟು ಆಸೆಯ ಮಾತನ್ನು ಅವಳು ಎಷ್ಟು ಹಗುರವಾಗಿ ಹೇಳಿದಳೆಂದರೆ ನಾನು ಅದನ್ನು ಹಗುರವಾಗಿಯೇ ತೆಗೆದುಕೊಂಡೆ. ನನಗೂ ಅನುಕೂಲವಾಯಿತು. ಅವಳೇ ಬೇಡ ಎಂದಳಲ್ಲ ಎಂಬ ನೆಪ ಸಿಕ್ಕಿತು. ಅವಳ ಪೂರ್ವಿಕರ ಭಾಷೆ ಹೋದದ್ದು ಹಡಗಿನಲ್ಲಿ. ಇದ್ದ ಕನ್ನಡವನ್ನೂ ಅವಳು ನಮ್ಮ ಹೊಸ್ತಿಲಾಚೆ ಚಪ್ಪಲಿಯ ಜೊತೆ ಬಿಟ್ಟು ಒಳಗೆ ಬರಬೇಕಾಯಿತು. ಬಾಗಿಲಲ್ಲಿ ನಿಂತು ಬಿಡಿಸಿದವಳು ನಾನು.

ಹೀಗೆ ಭಾನುವಾರಗಳು ಶುರುವಾದವು. ಎರಡು ಮೂರು ಸಲ ಬಂದು ಹೋಗುವಷ್ಟರಲ್ಲಿ ಅಮ್ಮನಿಗೆ ಅವಳು ಹಿಡಿಸಿಬಿಟ್ಟಳು. ಅವರೆಕಾಳು ಸುಲಿಯಲು ಕೂತರೆ ಕೇಳದೆಯೇ ಪಕ್ಕದಲ್ಲಿ ಕೂತು ಕೈಹಾಕುವ ಹುಡುಗಿ ಯಾರಿಗೆ ಹಿಡಿಸುವುದಿಲ್ಲ? ಅಮ್ಮ ಒಂದು ಸಂಕಲ್ಪ ಮಾಡಿದಳು: ಜಾಯ್‌ಗೆ ಕನ್ನಡ ಕಲಿಸಬೇಕು.

“ಜಾಯ್, ದಿಸ್ ವಾಟರ್. ನೀರು. ಸೇ ನೀರು.”

“ನೀ... ರೂ.”

“ಗುಡ್! ನೋಡಡೀ, ಏನ್ ಸೀಕ್ರಮಾ ಪಿಕಪ್ ಮಾಡ್ತಾಳೆ!”

ನಾನು ಎದ್ದು ಒಳಗೆ ಹೋಗುತ್ತಿದ್ದೆ. ನೋಡಲಾಗುತ್ತಿರಲಿಲ್ಲ. ಅಮ್ಮ ಕಲಿಸಿದ ಕನ್ನಡವಾದರೂ ಎಂಥದು? ಪೊರಕೆಗೆ ತೊಡಪ್ಪ, ಸೌಟಿಗೆ ಕರಂಡಿ, ಕಿಟಕಿಗೆ ಜನ್ನಲ್. ಕನ್ನಡವೆಂದು ಅಮ್ಮ ಕಲಿಸಿದ್ದರಲ್ಲಿ ಅರ್ಧಕ್ಕರ್ಧ ತಮಿಳು. ಅವಳು ಒಂದೊಂದನ್ನೂ ನಾಲಿಗೆ ತೊಡರಿಸಿಕೊಂಡು, ತಪ್ಪಾಗಿ ಹೇಳಿ, ತಿದ್ದಿಸಿಕೊಂಡು, ಸರಿಮಾಡುತ್ತಿದ್ದಳು. ಬಸ್ ಸ್ಟಾಪಿಗೆ ಹೋಗುವಾಗ, “ಕರಂಡಿ ಅಂದ್ರೆ ಸೌಟನೆ? ನಾ ಹೆದ್ರೇ ಹೋದೆ. ಕರಡಿ ತಗಂಬಾ ಅಂದ್ರು ಅಂತ ತಿಳ್ಕಂಡೆ. ಕರಡಿಯಾದ್ರೆ ನಮ್ಮೂರಿಂದ್ಲೇ ತರಬಹುದಿತ್ತು” ಎಂದು ನಗಿಸುತ್ತಿದ್ದಳು. ನಗುತ್ತಿದ್ದೆ. ನಕ್ಕಮೇಲೆ ಬಸ್ ಹೋದ ದಿಕ್ಕು ನೋಡುತ್ತ ಅಲ್ಲೇ ನಿಂತಿರುತ್ತಿದ್ದೆ, ಮನೆಗೆ ಹೋಗಲು ಕಾಲು ಬರುತ್ತಿರಲಿಲ್ಲ.

ಕಲಿಸಿದ್ದಕ್ಕಿಂತ ಒಂದು ಪದವನ್ನೂ ಹೆಚ್ಚು ಆಡದಂತೆ ಅವಳು ಹೇಗೆ ನೆನಪಿಟ್ಟುಕೊಳ್ಳುತ್ತಿದ್ದಳೋ! ಗೊತ್ತಿರುವ ಭಾಷೆಯನ್ನು ಬಾಯೊಳಗೇ ಹಿಡಿದಿಡುವುದು ಗೊತ್ತಿಲ್ಲದ್ದನ್ನು ಕಲಿಯುವುದಕ್ಕಿಂತ ಕಷ್ಟ. ಒಮ್ಮೆ ಅಮ್ಮ ದೇವರ ಮುಂದೆ ದಾಸರ ಪದ ಹೇಳಿಕೊಳ್ಳುತ್ತ ಒಂದು ಸಾಲು ಮರೆತು ನಿಂತಳು. ನನ್ನ ಪಕ್ಕದಲ್ಲಿದ್ದ ಅವಳ ತುಟಿ ಅಲ್ಲಾಡಿದ್ದನ್ನು ನಾನು ಕಂಡೆ. ಸಾಲು ಅವಳ ನಾಲಿಗೆಯ ತುದಿಯಲ್ಲಿತ್ತು. ತುಟಿ ಕಚ್ಚಿ ನುಂಗಿಕೊಂಡಳು. ಅಮ್ಮ ಎರಡು ಸಾಲು ಹಾರಿಸಿ ಮುಂದಕ್ಕೆ ಹೋದಳು. ಆವತ್ತು ನನ್ನ ಮೇಲೆ ನನಗೆ ಹುಟ್ಟಿದ ಹೇಸಿಗೆ ಇನ್ನೂ ಹೋಗಿಲ್ಲ.

ಅಕ್ಕಪಕ್ಕದವರು ಬಂದರೆ ಅಮ್ಮ ಅವಳನ್ನು ಕೂರಿಸಿ ಪಾಠ ಒಪ್ಪಿಸಿಕೊಳ್ಳುತ್ತಿದ್ದಳು. “ಆಫ್ರಿಕಾ ಹುಡುಗಿ, ನಾನೇ ಕನ್ನಡ ಕಲಿಸ್ತಿರೋದು.” ಅವಳು ನೀರು, ಅನ್ನ, ತೊಡಪ್ಪ ಎಂದು ಪಾಠ ಒಪ್ಪಿಸುತ್ತಿದ್ದಳು. ಸೆಮಿನಾರ್ ಕೋಣೆಯಲ್ಲಿ ಪದ್ಯ ಓದುವಾಗ ಕೈ ಕಟ್ಟುತ್ತಿದ್ದಳಲ್ಲ, ಇಲ್ಲೂ ಹಾಗೇ ಕೈ ಕಟ್ಟಿಕೊಂಡು. ಅಲ್ಲಿ ರಕ್ತದಲ್ಲಿ ಲಯ ಇರುವವಳಾಗಿ, ಇಲ್ಲಿ ಬಾಯಲ್ಲಿ ಭಾಷೆ ಇಲ್ಲದವಳಾಗಿ. ಕೆಂಪು ಬಾಣಗಳ ಬಗ್ಗೆ ನಾನು ಆಗ ಬರೆಯುತ್ತಿದ್ದ ಪ್ರಬಂಧಕ್ಕೆ ಒಳ್ಳೆಯ ಗ್ರೇಡ್ ಬಂತು. ಜನರಿಂದ ಅವರ ಭಾಷೆ ಕಿತ್ತುಕೊಳ್ಳುವುದರ ಬಗ್ಗೆ ಅದರಲ್ಲಿ ಒಂದು ಇಡೀ ಅಧ್ಯಾಯವಿದೆ.

ದೀಪಾವಳಿ ಹೊತ್ತಿನ ಐಪಸಿ ಮಳೆಯ ಒಂದು ಭಾನುವಾರ ನೆನಪಿದೆ. ಆಕಾಶ ಹರಿದುಬಿದ್ದ ಹಾಗೆ ಒಮ್ಮೆಲೇ ಸುರಿಯಿತು. ನಾನು ಬಟ್ಟೆ ತೆಗೆಯಲು ಮಹಡಿಗೆ ಓಡಿದೆ. ಇಳಿದು ಬಂದಾಗ ಹಜಾರದ ಕಿಟಕಿ ಮುಚ್ಚಿತ್ತು. ಅಮ್ಮ, ಅವಳು ಇಬ್ಬರೂ ಎದುರೆದುರು ಸುಮ್ಮನೆ ನಿಂತಿದ್ದರು. ಅಮ್ಮ ಸರಸರನೆ ಒಳಗೆ ಹೋಗಿ ಕಾಫಿ ತಂದಳು. ಸೊಟ್ಟ ಲೋಟದಲ್ಲಲ್ಲ, ಅಪ್ಪನ ಬೆಳ್ಳಿ ಲೋಟದಲ್ಲಿ. ಆಗ ತಾನೇ ಒಳಗಿನಿಂದ ಪೇಪರ್ ಹಿಡಿದು ಬಂದ ಅತ್ತೆ ಕಣ್ಣರಳಿಸಿ ನೋಡಿದಳು. “ಏನು ಅತ್ತಿಗೆ...” ಎಂದು ಕನ್ನಡದಲ್ಲಿ ಏನೋ ಶುರುಮಾಡಿದ್ದಳು. ಅಮ್ಮ ಎಂದೂ ಇಲ್ಲದ ದನಿಯಲ್ಲಿ, “ಸುಮ್ನಿರು” ಎಂದಳು.

ಅಂತೂ ಅಮ್ಮನ ಮನಸ್ಸು ಕರಗಿತು ಎಂದು ನಾನು ಖುಷಿಪಟ್ಟೆ. ಆಮೇಲೂ ಪಾಠ ನಿಲ್ಲಲಿಲ್ಲ. ಆದರೆ ಬಂದವರ ಮುಂದೆ ಅವಳಿಂದ ಪಾಠ ಒಪ್ಪಿಸಿಕೊಳ್ಳುವುದನ್ನು ಅಮ್ಮ ಬಿಟ್ಟಳು. ಅವಳೆದುರಿಗೆ ಯಾರ ಬಗ್ಗೆಯೂ ಕನ್ನಡದಲ್ಲಿ ಆಡಿಕೊಳ್ಳುವುದನ್ನೂ ಬಿಟ್ಟಳು. ಪಾಠ ಹೇಳುವಾಗ ಮಾತ್ರ ಮುಖ ನೋಡದೆ, ಕಾಳು ಸುಲಿಯುತ್ತಲೇ ಹೇಳುತ್ತಿದ್ದಳು.

ಎಂ.ಫಿಲ್. ಮುಗಿಸಿ ಅವಳು ಊರಿಗೆ ಹೊರಟ ದಿನ ಅಮ್ಮ ಕುಂಕುಮ ಇಟ್ಟು, ತಾಂಬೂಲದ ಜೊತೆ ರವಿಕೆ ಬಟ್ಟೆ ಕೊಟ್ಟಳು. ಅವಳು ಅಮ್ಮನ ಕಾಲಿಗೆ ಎರಗಿ, ಹೊಸ್ತಿಲಲ್ಲಿ ನಿಂತು, ಕಲಿತದ್ದನ್ನು ಬಿಡಿಬಿಡಿಯಾಗಿ ಒಪ್ಪಿಸಿದಳು: “ಹೋ... ಗಿ... ಬರ್ತೀ... ನಿ, ಅಮ್ಮ.” ಅಮ್ಮ ಏನನ್ನೋ ಹೇಳಲು ಬಾಯಿ ತೆರೆದಳು. “ಸೇಫ್ ಜರ್ನಿ” ಎಂದಳು.

ಕೆನ್ಯಾಕ್ಕೆ ಹೋದಳು ಎಂದು ಮನೆಯಲ್ಲಿ ಹೇಳಿದ್ದೆ. ಅವಳು ಹೋಗಿದ್ದು ಉತ್ತರ ಕನ್ನಡದ ಒಂದು ಕಾಲೇಜಿಗೆ, ಇಂಗ್ಲಿಷ್ ಪಾಠಕ್ಕೆ. ಪಾಠದ ಜೊತೆಗೇ ಪಿಎಚ್‌.ಡಿ.ಗೂ ಸೇರಿದ್ದಳು. ಈ ಸಲ ಪೂರ್ತಿ ಅಜ್ಜಿಯ ಮೇಲೆ. ಆಗೊಮ್ಮೆ ಈಗೊಮ್ಮೆ ನನಗೆ ಫೋನ್ ಬರುತ್ತಿತ್ತು. ಅಷ್ಟರಲ್ಲಿ ಅಮ್ಮನ ಬಾಯಲ್ಲಿ ಜನ್ನಲ್ ಹೋಗಿ ಕಿಟಕಿ ಬಂದಿತ್ತು. ನಾನು ಜನ್ನಲ್ ಅಂದರೂ ತಿದ್ದುತ್ತಿದ್ದಳು. ಕೇಬಲ್‌ನಲ್ಲಿ ಕನ್ನಡ ಧಾರಾವಾಹಿ ನೋಡಿ ನೋಡಿ ಹೀಗಾಗಿದೆ ಎಂದುಕೊಂಡೆ.

ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ ಅವಳು ಫೋನ್ ಮಾಡಿದಳು. ಪಿಎಚ್‌.ಡಿ. ಮೌಖಿಕ ಪರೀಕ್ಷೆ ಮುಗಿಯಿತು, ಅಜ್ಜಿ ಅಂತೂ ಪ್ರಿಂಟಾದಳು ಎಂದು ನಕ್ಕಳು. ಅಮ್ಮ ಮಂಚದ ಮೇಲೆ ಕೂತಿದ್ದಳು. ಮಂಡಿನೋವಿನಿಂದ ಆಗ ಓಡಾಟ ಕಡಿಮೆಯಾಗಿತ್ತು. ಯಾರು ಎಂದಳು. ಜಾಯ್ ಎಂದೆ. ಒಳಗಿನಿಂದ ಅತ್ತೆ, “ಐ.ಎಸ್.ಡಿ.ನಾ? ಸೀಕ್ರಂ ಮುಗಿಸಡೀ” ಎಂದಳು. ಅಮ್ಮ ಕೈ ಚಾಚಿದಳು. ಅಮ್ಮನಿಗೆ ಕಿವಿ ಮಂದವೆಂದು ಮೊಬೈಲಿನ ದನಿ ಏರಿಸಿ ಕೊಟ್ಟೆ. ಪಕ್ಕದಲ್ಲಿದ್ದ ನನಗೂ ಎಲ್ಲ ಕೇಳಿಸುತ್ತಿತ್ತು.

“ಚೆನ್ನಾಗಿದೀಯಾಮ್ಮ?” ಎಂದಳು ಅಮ್ಮ. ಇಂಗ್ಲಿಷಿನಲ್ಲಲ್ಲ.

ನನ್ನ ಜೊತೆ ಅದೇ ತಾನೇ ಗಲಗಲ ಮಾತಾಡಿದವಳು ಹಳೆಯ ನಾಲಿಗೆ ಹುಡುಕಿಕೊಳ್ಳುತ್ತಿದ್ದಳು. ಆಮೇಲೆ ಬಂತು, ಅದೇ ತೊಡರು, ಅದೇ ಪಾಠದ ಎಳೆತ: “ಚೆನ್ನಾ... ಗಿ ಇ... ದೀನಿ, ಅಮ್ಮ. ಜನ್ನಲ್... ಪಕ್ಕ... ಕೂತಿ... ದೀನಿ.”

ಇಷ್ಟು ವರ್ಷ ಕಳೆದರೂ ಅಮ್ಮನ ಮಾನ ಕಾಯುತ್ತಿದ್ದಳು. ನನ್ನ ಕಣ್ಣಲ್ಲಿ ನೀರು ಬಂತು.

“ಜನ್ನಲ್ ಅಲ್ಲಮ್ಮ, ಕಿಟಕಿ” ಎಂದಳು ಅಮ್ಮ. “ನಾನೇ ತಪ್ಪು ಹೇಳ್ಕೊಟ್ಟಿದ್ದೆ. ಆವತ್ತು ಮಳೇಲಿ ನೀನೇ ಅಂದ್ಯಲ್ಲ, ‘ಕಿಟಕಿ ಹಾಕ್ಲಾ ಅಮ್ಮ’ ಅಂತ. ಆವತ್ತಿಂದ ಗೊತ್ತು ನಂಗೆ.”

ನಾನು ಬಟ್ಟೆ ತೆಗೆಯಲು ಓಡಿದಾಗ, ಮಳೆಯ ಗಾಬರಿಯಲ್ಲಿ, ಅವಳ ಬಾಯಿಂದ ಅವಳ ಮಾತೇ ಜಾರಿತ್ತು. ಅಮ್ಮನಿಗೆ ಆಗಲೇ ಎಲ್ಲ ತಿಳಿದಿತ್ತು, ಮೊದಲ ದಿನದ ನಗು, ಲೋಟ, ಎಲ್ಲವನ್ನೂ ಈ ಹುಡುಗಿ ಕೇಳಿಸಿಕೊಂಡಿದ್ದಾಳೆ ಎಂಬುದೂ. ತಿಳಿದೂ ಅಷ್ಟು ಭಾನುವಾರ ಮುಖ ತಗ್ಗಿಸಿಕೊಂಡು ನೀರು, ಅನ್ನ ಎಂದು ಪಾಠ ಹೇಳಿದಳು. ಅವಳ ಮಾತು ಗೊತ್ತಾಯಿತು ಎಂದು ಹೇಳಿದರೆ, ತನ್ನ ಮಾತು ಅವಳಿಗೆ ಗೊತ್ತಾಗಿತ್ತು ಎಂದೂ ಒಪ್ಪಬೇಕಲ್ಲ. ಒಂದೇ ಹಜಾರದಲ್ಲಿ ಮೂವರೂ ಒಬ್ಬರ ಮಾನ ಒಬ್ಬರು ಕಾಯುತ್ತ ಕೂತಿದ್ದೆವು. ಕಾಯಬೇಕಾದ ಅಗತ್ಯವಿಲ್ಲದಿದ್ದವಳು ಅವಳೊಬ್ಬಳೇ.

ಫೋನಿನಿಂದ ಮೂಗೆಳೆದ ಸದ್ದು ಕೇಳಿಸಿತು. ಆಮೇಲೆ ಅವಳದೇ ದನಿ, ಅವಳದೇ ಮಾತು, ಎಳೆತವಿಲ್ಲದೆ: “ಹೋಗ್ಲಿ ಬಿಡ್ರಿ ಅಮ್ಮ. ನಿಮ್ಮ ಕಾಲುನೋವು ಹ್ಯಾಂಗದೆ?”

ಅಮ್ಮ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಎದುರಿಸಲಾರದೆ ಹೋದೆ. ಅಮ್ಮನಿಗೆ ಅವಳ ಭಾಷೆ ಅವಳಿಂದಲೇ ಸಿಕ್ಕಿತ್ತು. ಸಿಗದೇ ಉಳಿದದ್ದೊಂದು ನನ್ನ ಕೈಯಲ್ಲಿತ್ತು, ಇಷ್ಟು ವರ್ಷ ನಾನು ಅದನ್ನು ಕೊಟ್ಟಿರಲಿಲ್ಲ.

“ಜಾಯ್ ಅಂತ ಅಲ್ಲ, ಅಲ್ವಾಮ್ಮ?” ಎಂದಳು ಅಮ್ಮ ಫೋನಿಗೆ. “ನಿನ್ನ ಹೆಸರೇನು?”

ಅವಳು ಹೇಳಿದಳು.

ಅಮ್ಮ ಆ ಹೆಸರು ಹಿಡಿದು ಗಟ್ಟಿಯಾಗಿ ಕೂಗಿದಳು. ಮನೆಯೊಳಗೆ ಒಬ್ಬರನ್ನೊಬ್ಬರು ಕೂಗುತ್ತೇವಲ್ಲ, ಹಾಗೆ.

“ಓ” ಎಂದಳು ಅವಳು ಫೋನಿನಿಂದ.

“ಏನು ಅತ್ತಿಗೆ, ಕರೆದ್ರಾ?” ಎಂದಳು ಅತ್ತೆ ಒಳಗಿನಿಂದ.

ಅಮ್ಮ ಫೋನನ್ನು ಕಿವಿಗೆ ಇನ್ನಷ್ಟು ಹತ್ತಿರ ಹಿಡಿದುಕೊಂಡಳು.